ಹತ್ತು ಅಂದರೆ ಒಂದು ಸೆಕೆಂಡು

ಮಾರ್ಚ್ ೩, ಸೋಮವಾರ

ನನ್ನಾಕೆ ಈ ನೋಟ್‌ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, "ನನ್ನ ಮೇಲೆ ಕೂಗಾಡೋದನ್ನೆಲ್ಲ ಇನ್ಮೇಲೆ ಇದರಲ್ಲಿ ಬರೀರಿ. ನಿಮ್ಮ ಹಾಗೇ ಇದಕ್ಕೂ ಕಿವಿ ಕೇಳಿಸಲ್ಲ, ಜೋಡಿ ಸರಿಹೋಗುತ್ತೆ" ಅಂದಳು. ನನ್ನ ಕಿವಿ ಮಂದವಾಗಿ ಮೂರು ವರ್ಷ. ಮೆಷಿನ್ ಕೊಡಿಸಿದ್ದಾಳೆ. ಅದು ಕುಂಯ್ ಅನ್ನುತ್ತದೆ, ನಾನು ಅದನ್ನು ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಇವತ್ತು ಕೂಗಾಡಲು ಕಾರಣ ಇತ್ತು. ಅಕ್ಕನ ದವಡೆಯ ಗಡ್ಡೆ ಕೆಟ್ಟದ್ದೇ ಅಂತ ಗೊತ್ತಾಯಿತು. ಗಡ್ಡೆ ಮಾತ್ರವಲ್ಲ, ಕೆಳದವಡೆಯ ಎಡಭಾಗವನ್ನೇ ತೆಗೆಯಬೇಕಂತೆ. ಕಾಲಿನ ಮೂಳೆ ತುಂಡು ತಂದು ಅಲ್ಲಿ ಕೂರಿಸುತ್ತಾರಂತೆ. ಹತ್ತನೇ ತಾರೀಕು ಆಸ್ಪತ್ರೆಗೆ ಸೇರಬೇಕು, ಹನ್ನೊಂದಕ್ಕೆ ಆಪರೇಷನ್. "ಮುಖ ಸ್ವಲ್ಪ ಬದಲಾಗುತ್ತೆ" ಅಂದರು ಡಾಕ್ಟರು, ಮನೆಗೆ ಬಣ್ಣ ಬದಲಾಯಿಸುವವರ ಧಾಟಿಯಲ್ಲಿ. ಸ್ವಲ್ಪ ಅಂದರೆ ಎಷ್ಟು ರೀ ಅಂತ ನಾನು ಜೋರು ಮಾಡಿದೆ. ಅಕ್ಕ ಮೇಜಿನ ಕೆಳಗಿಂದ ನನ್ನ ತೊಡೆ ಚಿವುಟಿದಳು. ಅವಳಿಗೆ ಎಪ್ಪತ್ತೊಂದು, ನನಗೆ ಅರವತ್ತಮೂರು. ಚಿವುಟುವ ಜಾಗ ಮಾತ್ರ ಐವತ್ತು ವರ್ಷದಿಂದ ಬದಲಾಗಿಲ್ಲ.

ಟ್ಯಾಕ್ಸಿಯಲ್ಲಿ ಬರುವಾಗ ಅವಳೇ ಬಾಯಿಬಿಟ್ಟಳು. "ದೊಡ್ಡೋನೆ, ಸೇರೋಕೆ ಮುಂಚೆ ನಂದೊಂದು ಫೋಟೋ ತೆಗಿ. ಅಪ್ಪನ ಕ್ಯಾಮೆರಾದಲ್ಲಿ."

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅಪ್ಪನ ಸ್ಟುಡಿಯೋದಲ್ಲಿ ಈ ಊರಿನ ಅರ್ಧ ಜನ ಕೂತಿದ್ದಾರೆ. ಅಪ್ಪನ ನಂತರ ನಾನು ಮಿಕ್ಕರ್ಧವನ್ನು ಕೂರಿಸಿದೆ. ಅಕ್ಕ ಒಬ್ಬಳೇ ಕೂತಿಲ್ಲ. ಮುಂದಿನ ಹಲ್ಲು ಸ್ವಲ್ಪ ಉಬ್ಬು ಅಂತ ಅವಳಿಗೆ ಕೊರಗು. ಫೋನಿನ ಫೋಟೋಗಳು ರಾಶಿ ಇವೆ, ಎಲ್ಲದರಲ್ಲೂ ಬಾಯಿಗೆ ಅಂಗೈ ಅಡ್ಡ. ಮೂವತ್ತು ವರ್ಷ ಟೈಪಿಂಗ್ ಕಲಿಸಿದ ಕೈ ಅದು, ಬಹಳ ಚುರುಕು, ಯಾವ ಕ್ಯಾಮೆರಾಗಿಂತಲೂ ಮುಂಚೆ ಬಾಯಿ ತಲುಪುತ್ತದೆ. ಕೂರು ಅಂತ ಎಷ್ಟು ಸಲ ಕೇಳಿದ್ದೇನೋ. ಈಗ ತಾನಾಗಿ ಕೇಳಿದ್ದಾಳೆ. ಒಂದು ವಾರ ಇದೆ.

ಮಾರ್ಚ್ ೪, ಮಂಗಳವಾರ

ಕ್ಯಾಮೆರಾ ಇಳಿಸಿದೆ. ಮರದ ಚೌಕಟ್ಟು ಗಟ್ಟಿಯಾಗಿದೆ. ಹಾರ್ಮೋನಿಯಂ ತಿದಿಯಂಥ ಮಡಿಕೆ ಚೀಲದಲ್ಲಿ ಎರಡು ಸಣ್ಣ ತೂತು, ಕಪ್ಪು ಟೇಪು ಹಾಕಿದೆ. ಫಿಲ್ಮು ಫ್ರಿಜ್ಜಿನಲ್ಲಿ ತರಕಾರಿ ಡಬ್ಬದ ಹಿಂದೆ ಇತ್ತು. ಅಂಗೈಗಿಂತ ದೊಡ್ಡ ಹಾಳೆಗಳು, ನಾಲ್ಕೇ ನಾಲ್ಕು ಉಳಿದಿವೆ. ಹೊಸ ಡಬ್ಬ ತರಿಸಿದರೆ ಬರುವುದಕ್ಕೆ ತಿಂಗಳಾಗುತ್ತದೆ. ನಾಲ್ಕು ಸಾಕು. ಅಪ್ಪ ಎರಡರಲ್ಲಿ ಮುಗಿಸುತ್ತಿದ್ದರು.

ಲೆನ್ಸು ಅಪ್ಪನಿಗಿಂತ ಹಳೆಯದು. ಹೊಸ ಲೆನ್ಸುಗಳು ಮುಖದ ಮೇಲಿನ ಪ್ರತಿ ರಂಧ್ರಕ್ಕೂ ಸಾಕ್ಷಿ ಹೇಳುತ್ತವೆ, ಇದು ಹಾಗಲ್ಲ, ನೋಡಬೇಕಾದ್ದನ್ನು ನೋಡಿ ಮಿಕ್ಕಿದ್ದನ್ನು ಬಿಡುತ್ತದೆ. ತೊಂದರೆ ಇರುವುದು ಅದು ಕೂತಿರುವ ಶಟರಿನಲ್ಲಿ, ಬೆಳಕಿಗೆ ತೆರೆದು ಮುಚ್ಚುವ ಬಾಗಿಲಿನಲ್ಲಿ. ಒಳಗಿನ ಎಣ್ಣೆ ಅಂಟಾಗಿ, ಅದು ಹೇಳುವುದೊಂದು ಮಾಡುವುದೊಂದು ಆಗಿ ಇಪ್ಪತ್ತು ವರ್ಷವಾಯಿತು. ಹತ್ತು ಅಂತ ಇಟ್ಟರೆ ಸೆಕೆಂಡಿನ ಹತ್ತನೇ ಒಂದು ಭಾಗ ತೆರೆದು ಮುಚ್ಚಬೇಕು. ಇದು ಒಂದು ಪೂರ್ತಿ ಸೆಕೆಂಡು ತೆಗೆದುಕೊಳ್ಳುತ್ತದೆ. ಒಂದು ಅಂತಲೇ ಇಟ್ಟರೆ ತೆರೆದುಕೊಂಡು ನಿದ್ದೆ ಹೋಗುತ್ತದೆ. ನನಗೆ ಅದರ ಸುಳ್ಳೆಲ್ಲ ಬಾಯಿಪಾಠ. ಮುಖದ ಫೋಟೋಗೆ ಒಂದು ಸೆಕೆಂಡು ಬೇಕು ಅನ್ನುವುದು ಅಪ್ಪನ ಹಟ, ಅಷ್ಟು ಹೊತ್ತಿಲ್ಲದೆ ಮನುಷ್ಯ ಮುಖದೊಳಕ್ಕೆ ಬಂದು ಕೂರುವುದಿಲ್ಲ ಅನ್ನುತ್ತಿದ್ದರು. ಹಾಗಾಗಿ ನಾನು ಸದಾ ಹತ್ತಕ್ಕೇ ಇಡುವುದು. ಹತ್ತು ಅಂದರೆ ಒಂದು ಸೆಕೆಂಡು.

ಇವತ್ತು ಹತ್ತಕ್ಕೆ ಇಟ್ಟು ಒತ್ತಿದೆ. ಬ್ಲೇಡುಗಳು ತೆರೆದುಕೊಂಡವು, ಮುಚ್ಚಲೇ ಇಲ್ಲ. ಬೆರಳಿನಿಂದ ತಟ್ಟಿದೆ, ಬಿಸಿಲಿಗೆ ಇಟ್ಟೆ, ಬೈದೆ. ಯಾವುದಕ್ಕೂ ಜಗ್ಗಲಿಲ್ಲ. ಲೆನ್ಸಿನ ಮುಚ್ಚಳವನ್ನು ಕೈಯಲ್ಲೇ ತೆಗೆದು ಮುಚ್ಚಿ ಫೋಟೋ ತೆಗೆಯಬಹುದಿತ್ತು. ಆದರೆ ನನ್ನ ಕೈ ಈಚೆಗೆ ನಡುಗುತ್ತದೆ.

"ಚಿಕ್ಕೋನಿಗೆ ಕೊಡು. ಅವನ ಕೆಲಸಾನೇ ಅದಲ್ವಾ" ಅಂದಳು ಅಕ್ಕ.

ನಾನು ಕೇಳಿಸಲಿಲ್ಲ ಅನ್ನುವ ಹಾಗೆ ಎದ್ದುಹೋದೆ. ಕಿವುಡುತನಕ್ಕೆ ಅಷ್ಟಾದರೂ ಉಪಯೋಗ ಬೇಡವೇ?

ಮಾರ್ಚ್ ೫, ಬುಧವಾರ

ನಾನು ಬ್ಯಾಂಕಿಗೆ ಹೋಗಿದ್ದಾಗ ಅಕ್ಕ ಫೋನು ಮಾಡಿ ಚಿಕ್ಕವನನ್ನು ಕರೆಸಿ ಶಟರನ್ನು ಕೊಟ್ಟು ಕಳಿಸಿದ್ದಾಳೆ. ಮನೆಗೆ ಬಂದಾಗ ಲೆನ್ಸ್ ಡಬ್ಬ ಖಾಲಿ. "ಮೂರು ದಿನದಲ್ಲಿ ಕೊಡ್ತಾನಂತೆ" ಅಂದಳು.

ಆ ಮಹಾಶಯ ನನ್ನ ಸ್ವಂತ ತಮ್ಮ. ಎಂಟು ವರ್ಷದ ಹಿಂದೆ ಇದೇ ಲೆನ್ಸನ್ನು ಒರೆಸುತ್ತೇನೆ ಅಂತ ಬಿಚ್ಚಿ, ನಡುವಿನ ಗಾಜನ್ನು ತಿರುಗಾಮುರುಗಾ ಕೂರಿಸಿದ. ಆಗ ಕುಡಿಯುತ್ತಿದ್ದ. ಫೋಟೋದ ಅಂಚೆಲ್ಲ ಮಸುಕಾಗಿ ಬರತೊಡಗಿತು. ಬಿಚ್ಚಿದ್ದೆಯಾ ಅಂತ ಕೇಳಿದರೆ ಇಲ್ಲ ಅಂದ. ಮುಖಕ್ಕೆ ಮುಖ ಕೊಟ್ಟು ಇಲ್ಲ ಅಂದ. ಆರು ತಿಂಗಳು ನಾನು ನನ್ನ ಕಣ್ಣೇ ಹೋಯಿತು ಅಂತ ಎರಡು ಸಲ ಕನ್ನಡಕ ಬದಲಾಯಿಸಿದೆ. ಕೊನೆಗೆ ಲೆನ್ಸನ್ನು ನಾನೇ ಬಿಚ್ಚಿದಾಗ ಗಾಜಿನ ಮೇಲೆ ಅವನ ಹೆಬ್ಬೆರಳಿನ ಗುರುತು ಇತ್ತು.

ಅವತ್ತಿನಿಂದ ನನ್ನ ನಿಯಮ ಒಂದೇ, ಅವನ ಮಾತನ್ನು ಅರ್ಧಕ್ಕೆ ಕತ್ತರಿಸಿ ಕೇಳಬೇಕು. ಈಗ ಕುಡಿಯುವುದಿಲ್ಲವಂತೆ, ಐದು ವರ್ಷವಾಯಿತಂತೆ. ಹಳೇ ಶಟರುಗಳನ್ನು ರಿಪೇರಿ ಮಾಡಿ ಊರೂರಿಗೆ ಕಳಿಸುತ್ತಾನಂತೆ. ಎಲ್ಲ ಅಂತೆ. ಅರ್ಧಕ್ಕೆ ಕತ್ತರಿಸಿದರೆ ಎರಡೂವರೆ ವರ್ಷ ಉಳಿಯುತ್ತದೆ.

ಮಾರ್ಚ್ ೮, ಶನಿವಾರ

ತಂದುಕೊಟ್ಟ. ಹೇಳಿದ ದಿನಕ್ಕೇ ತಂದ, ಅದನ್ನು ಒಪ್ಪಿಕೊಳ್ಳಬೇಕು. ತಲೆ ಪೂರ್ತಿ ಬೆಳ್ಳಗಾಗಿದೆ. ನನಗಿಂತ ಎಂಟು ವರ್ಷ ಚಿಕ್ಕವನು, ನನಗಿಂತ ಮುದುಕನ ಹಾಗೆ ಕಂಡ. ಅಕ್ಕನ ಕಾಲಿನ ಹತ್ತಿರ ನೆಲದ ಮೇಲೆ ಕೂತುಕೊಂಡ. ಸೋಫಾ ಖಾಲಿ ಇತ್ತು.

"ಅಣ್ಣ, ಪೂರ್ತಿ ಬಿಚ್ಚಿ ತೊಳೆದಿದೀನಿ. ಒಂದೊಂದು ಸ್ಪೀಡನ್ನೂ ಮೆಷಿನ್ನಿಗೆ ಕೊಟ್ಟು ಅಳೆದಿದೀನಿ. ಈಗ ಮಾರ್ಕಲ್ಲಿ ಏನಿದೆಯೋ ಅದೇ ಸರಿ. ನಿನ್ನ ಹಳೇ ಲೆಕ್ಕ ಇನ್ನು ಬೇಡ. ಡಬ್ಬದಲ್ಲಿ ಚೀಟಿ ಇಟ್ಟಿದೀನಿ, ಒಂದ್ಸಲ ನೋಡ್ಕೋ."

"ಆಯ್ತು ಆಯ್ತು" ಅಂದೆ.

ಇಪ್ಪತ್ತು ವರ್ಷದ ಅಂಟು ಮೂರು ದಿನದಲ್ಲಿ ಹೋಗಿಬಿಡುತ್ತದಂತೆ! ಸಿಕ್ಕಿಹಾಕಿಕೊಂಡಿದ್ದನ್ನು ಬಿಡಿಸಿರುತ್ತಾನೆ, ಅಷ್ಟೇ. ಅವನು ಹೋದ ಮೇಲೆ, ಮಾರ್ಕು ಎಷ್ಟಕ್ಕಿದೆ ಅಂತಲೂ ನೋಡದೆ, ನಾಲ್ಕೈದು ಸಲ ಒತ್ತಿ ನೋಡಿದೆ. ತೆರೆಯುತ್ತದೆ, ಮುಚ್ಚುತ್ತದೆ. ಸದ್ದು ನನಗೆ ಕೇಳುವುದಿಲ್ಲ. ಕೇಳುವ ಕಾಲದಲ್ಲೂ ನಾನು ಸದ್ದು ನಂಬಿದವನಲ್ಲ, ಲೆಕ್ಕ ನಂಬಿದವನು.

ಡಬ್ಬ ಮುಚ್ಚಿ ಇಟ್ಟೆ.

ಮಾರ್ಚ್ ೯, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಸಂಜೆ ನಾಲ್ಕು ಗಂಟೆಗೆ ಸ್ಟುಡಿಯೋದ ದೊಡ್ಡ ಕಿಟಕಿಯಿಂದ ಬೆಳಕು ಹದವಾಗಿ ಬರುತ್ತಿತ್ತು. ಅಕ್ಕ ಬೂದು ಬಣ್ಣದ ಸೀರೆ ಉಟ್ಟು ಬಂದಳು. ಚಿಕ್ಕವನನ್ನೂ ಕರೆಸಿದ್ದಳು. ಬಂದವನನ್ನು ಸುಮ್ಮನೆ ನಿಲ್ಲಿಸುವುದೇಕೆ ಅಂತ ಬಿಳಿ ಬಟ್ಟೆ ಕಟ್ಟಿದ ಹಲಗೆ ಕೊಟ್ಟು ನೆರಳಿನ ಕಡೆ ಬೆಳಕು ಚೆಲ್ಲುವಂತೆ ಹಿಡಿಯಲು ಹೇಳಿದೆ. ನನ್ನಾಕೆ ಅಕ್ಕನ ತಲೆಗೆ ಹಿಂದಿನಿಂದ ಆಸರೆ ಕೊಟ್ಟು ಕೂರಿಸಿದಳು.

ಕರಿಬಟ್ಟೆಯೊಳಗೆ ತಲೆ ಹಾಕಿದೆ. ಗಾಜಿನ ಮೇಲೆ ಅಕ್ಕ ತಲೆಕೆಳಗಾಗಿ ಕಂಡಳು. ಅಷ್ಟು ಹತ್ತಿರದಿಂದ ಅವಳ ಮುಖವನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಅಮ್ಮ ಹೋದಾಗ ಅವಳಿಗೆ ಇಪ್ಪತ್ತು, ನನಗೆ ಹನ್ನೆರಡು, ಚಿಕ್ಕವನಿಗೆ ನಾಲ್ಕು. ಅವಳು ಮದುವೆ ಬೇಡ ಅಂದದ್ದು ಯಾಕೆ ಅಂತ ನಾವಿಬ್ಬರೂ ಯಾವತ್ತೂ ಕೇಳಲಿಲ್ಲ. ಕೇಳಿದರೆ ಉತ್ತರ ನಾವೇ ಆಗಿರುತ್ತಿದ್ದೆವು. ಕರಿಬಟ್ಟೆಯೊಳಗೆ ಕಣ್ಣು ತುಂಬಿ ಬಂತು. ಅಲ್ಲಿ ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ.

"ಕೈ ತೆಗಿ ಅಕ್ಕ."

"ತೆಗೆದೆ ಕಣೋ."

"ಬಾಯಿ ಮುಚ್ಚಬೇಡ. ಹಲ್ಲು ಕಾಣಲಿ."

"ಕಾಣಲಿ ಬಿಡು. ಇನ್ನೆರಡು ದಿನ ಇರ್ತವೆ ಪಾಪ" ಅಂದು ನಕ್ಕಳು. ಕೈ ಅಡ್ಡ ಬರಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ ಅವಳ ಪೂರ್ತಿ ನಗು ಕಂಡೆ. ಇಷ್ಟು ಚೆಂದದ್ದನ್ನು ಐವತ್ತು ವರ್ಷ ಮುಚ್ಚಿಟ್ಟಿದ್ದಳಲ್ಲ.

ಶಟರನ್ನು ಹತ್ತಕ್ಕೆ ಇಟ್ಟೆ. ಕೇಬಲ್ ಒತ್ತಿ, ಅವಳ ಮುಖ ನೋಡುತ್ತಾ ಮನಸ್ಸಿನಲ್ಲೇ ಒಂದು ಎಣಿಸಿದೆ. ಮೊದಲ ಹಾಳೆ ಆದಮೇಲೆ ಚಿಕ್ಕವನು, "ಅಣ್ಣ, ಎಷ್ಟಕ್ಕೆ ಇಟ್ಟಿದೀಯ..." ಅಂತ ಶುರುಮಾಡಿದ. ಅಂಗೈ ಎತ್ತಿ ಸುಮ್ಮನಿರಿಸಿದೆ. ಕೂತವರ ಮುಂದೆ ಕೆಲಸದ ಮಾತು ಆಡಬಾರದು, ಅದು ಅಪ್ಪನ ಕಾಲದಿಂದ ಇರುವ ಕಟ್ಟುನಿಟ್ಟು. ಮೂರನೆಯದಕ್ಕೂ ಏನೋ ಅಂದ. "ಹಲಗೆ ಹಿಡಿಯೋ ಕೆಲಸ ಹೇಳಿದ್ದೆ, ಅದನ್ನ ಮಾಡು" ಅಂದೆ. ಅಕ್ಕ ಅವನ ಕಡೆ ನೋಡಿ ಕಣ್ಣಲ್ಲೇ ಬೇಡ ಅಂದಳು. ಅವನು ಹಲಗೆ ಎತ್ತಿ ಹಿಡಿದ.

ನಾಲ್ಕೂ ಹಾಳೆ ಮುಗಿದವು. ಇಂಥ ಕೆಲಸ ನಾನು ಹತ್ತು ವರ್ಷದಲ್ಲಿ ಮಾಡಿರಲಿಲ್ಲ. ಡೆವಲಪ್ ಮಾಡುವುದನ್ನು ಆತುರದಲ್ಲಿ ಮಾಡಬಾರದು, ಆಪರೇಷನ್ ಮುಗಿಯಲಿ.

ಮಾರ್ಚ್ ೧೦, ಸೋಮವಾರ

ಸೇರಿಸಿ ಬಂದೆವು. ಮೂರನೇ ಮಹಡಿ, ಕಿಟಕಿಯ ಪಕ್ಕದ ಮಂಚ. ಹದಿನಾಲ್ಕು ಕಡೆ ಸಹಿ ಹಾಕಿದೆ.

ಮಾರ್ಚ್ ೧೧, ಮಂಗಳವಾರ

ಬೆಳಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಒಂಬತ್ತು ಗಂಟೆ ಹಿಡಿಯುತ್ತದೆ ಅಂದರು. ಹತ್ತೂವರೆ ಹೊತ್ತಿಗೆ ನನ್ನಾಕೆ, "ನೀವು ಮನೆಗೆ ಹೋಗಿ ಬನ್ನಿ. ಸಿಸ್ಟರುಗಳು ನಿಮ್ಮನ್ನ ಕಂಡ್ರೆ ದಾರಿ ಬದಲಾಯಿಸ್ತಿದಾರೆ" ಅಂದಳು.

ಮನೆಗೆ ಬಂದರೂ ಕೈ ಸುಮ್ಮನಿರಲಿಲ್ಲ. ಡಾರ್ಕ್‌ರೂಮಿಗೆ ಹೋಗಿ ನಾಲ್ಕನ್ನೂ ಡೆವಲಪ್ ಮಾಡಿದೆ. ತೊಳೆದು ದೀಪ ಹಾಕಿ ಎತ್ತಿ ಹಿಡಿದೆ.

ಏನೂ ಇಲ್ಲ. ಅಂದರೆ, ಹಣೆ ಇದೆ, ಕನ್ನಡಕದ ಹೊಳಪಿದೆ, ಮೂಗಿನ ಅಂಚು ಒಂದು ಗೀಟಿನಷ್ಟು ಇದೆ. ಮಿಕ್ಕಿದ್ದೆಲ್ಲ ಬರೀ ಗಾಜಿನ ಹಾಗೆ ಆಚೆ ಕಡೆ ಕಾಣುತ್ತದೆ. ಬೆಳಕು ಬಿದ್ದೇ ಇಲ್ಲ. ನಾಲ್ಕೂ ಹಾಗೇ.

ಆಸ್ಪತ್ರೆಗೆ ಓಡಿದೆ. ಚಿಕ್ಕವನು ಆಪರೇಷನ್ ಕೋಣೆಯ ಹೊರಗೆ ಕೂತಿದ್ದ. ಒದ್ದೆ ಆರದ ನೆಗೆಟಿವನ್ನು ಅವನ ಎದೆಗೆ ಒತ್ತಿ, ಅಷ್ಟು ಜನರ ಮುಂದೆ, "ನೋಡು ನಿನ್ನ ರಿಪೇರಿ! ನೋಡು! ಅವಳ ಮುಖ ಇನ್ನೊಂದು ಗಂಟೆಗೆ ಇರಲ್ಲ, ಇಲ್ಲೂ ಇಲ್ಲ" ಅಂತ ಕೂಗಿದೆ. ಅವನು ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಎಷ್ಟಕ್ಕೆ ಇಟ್ಟಿದ್ದೆ ಅಣ್ಣ?"

"ಹತ್ತಕ್ಕೆ. ಇನ್ನೆಷ್ಟಕ್ಕೆ ಇಡ್ತಾರೆ?"

ಅವನು ನೆಗೆಟಿವನ್ನು ನಿಧಾನವಾಗಿ ಕವರಿನೊಳಗೆ ಸೇರಿಸಿ ನನ್ನ ಕೈಗೆ ಕೊಟ್ಟ. ಉತ್ತರ ಇದ್ದರಲ್ಲವೇ ಕೊಡುವುದು.

ಐದೂವರೆಗೆ ಮುಗಿಯಿತು. ಚೆನ್ನಾಗಿ ಆಯಿತು ಅಂದರು. ಗಾಜಿನ ಆಚೆಯಿಂದ ನೋಡಿದೆ, ಬರೀ ಬ್ಯಾಂಡೇಜು ಕಂಡಿತು.

ಮಾರ್ಚ್ ೧೨, ಬುಧವಾರ

ಶಟರನ್ನು ಅವನ ಮುಖಕ್ಕೆ ಎಸೆದು ಬರೋಣ ಅಂತ ಡಬ್ಬ ತೆಗೆದೆ. ತಳದಲ್ಲಿ ಚೀಟಿ ಇತ್ತು. ಅವನ ಸೊಟ್ಟ ಅಕ್ಷರ, ಪೆನ್ಸಿಲಿನಲ್ಲಿ ಗೀಟು ಹಾಕಿ ಎರಡು ಸಾಲು ಮಾಡಿದ್ದಾನೆ. ಎಡಕ್ಕೆ ಮಾರ್ಕು, ಬಲಕ್ಕೆ ಅಳತೆ. ಒಂದಕ್ಕೆ ಒಂದು ಸೆಕೆಂಡು. ಎರಡಕ್ಕೆ ಅರ್ಧ. ಹತ್ತಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ. ಕೆಳಗೆ, "ಅಣ್ಣ, ಒಂದು ಸೆಕೆಂಡು ಬೇಕಾದರೆ ಒಂದಕ್ಕೇ ಇಡು. ಹತ್ತಕ್ಕೆ ಇಟ್ಟರೆ ಏನೂ ಬರಲ್ಲ."

ಡ್ರಾಯರಿನಿಂದ ಕಿವಿಯ ಮೆಷಿನ್ ತೆಗೆದು ಹಾಕಿಕೊಂಡು ಶಟರನ್ನು ಹತ್ತಕ್ಕೆ ಇಟ್ಟು ಒತ್ತಿದೆ. ಟಕ್. ಅಷ್ಟೇ. ಒಂದಕ್ಕೆ ಇಟ್ಟೆ. ಜೊಂಯ್ ಅಂತ ಒಂದು ಪೂರ್ತಿ ಸೆಕೆಂಡು ಓಡಿ ನಿಂತಿತು. ಅಪ್ಪನ ಕೈಯಲ್ಲಿ ಹೀಗೇ ಓಡುತ್ತಿತ್ತು.

ಹತ್ತಾರು ಸಲ ಒತ್ತಿದೆ. ಪ್ರತಿ ಸಲವೂ ಸರಿಯಾಗಿತ್ತು.

ಮಾರ್ಚ್ ೧೩, ಗುರುವಾರ

ಇರುವುದರಲ್ಲೇ ಅತಿ ಗಡಸು, ಮಸುಕನ್ನೂ ಎತ್ತಿ ತೋರಿಸುವ ಪೇಪರು ಹಾಕಿ ಪ್ರಿಂಟು ಮಾಡಿದೆ. ಐದು ಹಾಳೆ ಹಾಳಾಯಿತು. ಆರನೆಯದರಲ್ಲಿ ಬಂದದ್ದು ಇಷ್ಟು: ಬಿಳೀ ಕೂದಲು, ಹಣೆ, ಕನ್ನಡಕ, ಮೂಗು. ಮೇಲ್ದುಟಿಯ ಕೆಳಗೆ ಪೂರಾ ಕಪ್ಪು. ಹಲ್ಲಿಲ್ಲ, ನಗುವಿಲ್ಲ, ಗಲ್ಲವಿಲ್ಲ. ಡಾಕ್ಟರು ಮಂಗಳವಾರ ತೆಗೆದದ್ದನ್ನು ನಾನು ಭಾನುವಾರವೇ ತೆಗೆದುಬಿಟ್ಟಿದ್ದೆ. ಅವರು ಜೀವ ಉಳಿಸಲು ತೆಗೆದರು, ನಾನು ಯಾಕೆ ತೆಗೆದೆ ಅಂತ ಯಾರಾದರೂ ಕೇಳಿದರೆ ಏನು ಹೇಳಲಿ?

ನನ್ನಾಕೆ ಊಟಕ್ಕೆ ಕರೆದಳು. ತಲೆನೋವು ಅಂದೆ.

ಮಾರ್ಚ್ ೧೪, ಶುಕ್ರವಾರ

ಅಕ್ಕನನ್ನು ವಾರ್ಡಿಗೆ ತಂದರು. ಮಾತಾಡುವಂತಿಲ್ಲ, ಮೂಗಿನಲ್ಲಿ ನಳಿಕೆ. ಊಟವೆಲ್ಲ ಅದರ ಮೂಲಕವೇ, ಪಿಚಕಾರಿಯಲ್ಲಿ ಹಾಲು ತುಂಬಿ ನಿಧಾನವಾಗಿ ಇಳಿಸಬೇಕು. ಮುಖದ ಎಡಭಾಗ ಊದಿದೆ, ಒಂದು ಕಡೆಗೆ ಎಳೆದ ಹಾಗಿದೆ. ನೋಡದೆ ಇರಲಾರೆ, ನೋಡಲೂ ಆರೆ. ಬರೆಯಲು ಒಂದು ಪುಸ್ತಕ ಕೊಟ್ಟಿದ್ದಾರೆ. ಮೊದಲು, "ನನ್ನ ಕೈಬರಹ ಕೆಟ್ಟದು. ಟೈಪ್‌ರೈಟರ್ ತನ್ನಿ" ಅಂತ ಬರೆದಳು. ಅದನ್ನು ನೋಡಿ ನಕ್ಕೆವು.

ಎರಡನೆಯದಾಗಿ, "ಫೋಟೋ?"

ಮಂಚದ ಆ ಕಡೆ ಚಿಕ್ಕವನು, ಈ ಕಡೆ ನಾನು. ಚೀಟಿಯ ಸಂಗತಿ ನನ್ನ ನಾಲಿಗೆಯ ಮೇಲೇ ಇತ್ತು. "ಬರಲಿಲ್ಲ ಅಕ್ಕ" ಅಂದೆ. "ಶಟರ್ ಕೈಕೊಡ್ತು."

ಅಷ್ಟೇ ಅಂದದ್ದು. ಅದು ಸುಳ್ಳೂ ಅಲ್ಲ, ಅಂದುಕೊಂಡೆ. ಅಕ್ಕ ಮೆಲ್ಲಗೆ ಕತ್ತು ಹೊರಳಿಸಿ ಚಿಕ್ಕವನನ್ನು ನೋಡಿದಳು. ಅವನು ನನ್ನನ್ನು ನೋಡಿದ. ನಾನು ಮೂಗಿನ ನಳಿಕೆಯ ಟೇಪು ಸರಿಯಾಗಿದೆಯಾ ಅಂತ ನೋಡುತ್ತಿದ್ದೆ.

"ಹೌದು ಅಕ್ಕ. ನನ್ನ ತಪ್ಪು" ಅಂದ.

ಅಕ್ಕ ಕಣ್ಣು ಮುಚ್ಚಿಕೊಂಡಳು.

ಈ ಸ್ಥಿತಿಯಲ್ಲಿ ಅವಳ ಮನಸ್ಸಿಗೆ ಇನ್ನಷ್ಟು ಗೊಂದಲ ಮಾಡುವುದು ಸರಿಯಲ್ಲ. ಚೇತರಿಸಿಕೊಂಡ ಮೇಲೆ ಸಾವಕಾಶವಾಗಿ ಹೇಳಿದರಾಯಿತು. ಅವನೇ ಒಪ್ಪಿಕೊಂಡನಲ್ಲ, ಅವನಿಗೂ ಏನೋ ತೋರಿರಬೇಕು.

ಮಾರ್ಚ್ ೧೬, ಭಾನುವಾರ

ಚಿಕ್ಕವನು ದಿನಾ ಹನ್ನೊಂದು ಗಂಟೆಗೆ ಹಾಲು ಕಾಯಿಸಿ ಆರಿಸಿ ಫ್ಲಾಸ್ಕಿನಲ್ಲಿ ತರುತ್ತಾನೆ. ಇವತ್ತು ಪಿಚಕಾರಿ ಎತ್ತಿಕೊಂಡಾಗ ಅಕ್ಕ ಅವನ ಮಣಿಕಟ್ಟನ್ನು ದೂಡಿ, ಸಿಸ್ಟರ್ ಕಡೆ ಕೈ ತೋರಿಸಿದಳು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು. ನೋವಿರಬೇಕು.

ಅವನು ಫ್ಲಾಸ್ಕನ್ನು ಸಿಸ್ಟರಿಗೆ ಕೊಟ್ಟು ಬಾಗಿಲ ಹತ್ತಿರ ಹೋಗಿ ನಿಂತ.

ಮಾರ್ಚ್ ೧೮, ಮಂಗಳವಾರ

ಇವತ್ತು ನನ್ನ ಕೈಯಿಂದ ಹಾಲು ತೆಗೆದುಕೊಂಡಳು. ಅಳತೆ ತಪ್ಪಿ ಸ್ವಲ್ಪ ಚೆಲ್ಲಿದೆ. ಆದರೂ ನನ್ನ ಕೈ ತಟ್ಟಿ, "ನೀನು ಬೇಸರ ಮಾಡ್ಕೋಬೇಡ. ನಿನ್ನ ತಪ್ಪೇನಿದೆ" ಅಂತ ಬರೆದಳು. ಆ ಹಾಳೆಯನ್ನು ಹರಿದು, ಅವನ ಚೀಟಿ ಇದ್ದ ಜೇಬಿಗೇ ಹಾಕಿಕೊಂಡೆ. ಯಾಕೆ ಹರಿದೆನೋ ಗೊತ್ತಿಲ್ಲ.

ಹನ್ನೊಂದಕ್ಕೆ ಅವನು ಬಂದ. ಒಳಗೆ ಬರಲಿಲ್ಲ. ಬಾಗಿಲಲ್ಲೇ ಫ್ಲಾಸ್ಕು ಕೊಟ್ಟು, ನಿನ್ನೆಯದನ್ನು ಇಸಿದುಕೊಂಡು ಹೋದ.

ಮಾರ್ಚ್ ೧೯, ಬುಧವಾರ

ನನ್ನಾಕೆ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಎರಡು ಕಾಗದ ಸಿಕ್ಕವು, ಅಕ್ಕನ ಹಾಳೆ, ಅವನ ಚೀಟಿ. ಎರಡನ್ನೂ ಓದಿ ನನ್ನ ಮುಂದೆ ಇಟ್ಟಳು. ಕೂಗಾಡುತ್ತಾಳೆ ಅಂದುಕೊಂಡೆ. ಮೆಷಿನ್ ಹಾಕಿಕೊಂಡಿದ್ದೆ, ಹಾಗಾಗಿ ಅವಳು ಮೆಲ್ಲಗೆ ಹೇಳಿದ್ದೂ ಕೇಳಿಸಿತು.

"ಯಾವತ್ತು ಸಿಕ್ತು ಈ ಚೀಟಿ?"

"ಹನ್ನೆರಡಕ್ಕೆ."

"ಇವತ್ತು ಹತ್ತೊಂಬತ್ತು" ಅಂದು ಎದ್ದುಹೋದಳು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವಳು ನನಗೆ ಇಷ್ಟು ಕಡಿಮೆ ಬೈದದ್ದು ಇದೇ ಮೊದಲು.

ಮಾರ್ಚ್ ೨೦, ಗುರುವಾರ

ಅವನ ಅಂಗಡಿಗೆ ಹೋದೆ. ಎಂಟು ವರ್ಷದಲ್ಲಿ ಮೊದಲ ಸಲ. ಗಡಿಯಾರದ ಅಂಗಡಿಯ ಹಿಂದೆ ಒಂದು ಕಿರುಕೋಣೆ. ಶಟರುಗಳು ಸಣ್ಣ ಸಣ್ಣ ತಟ್ಟೆಗಳಲ್ಲಿ ಬಿಚ್ಚಿ ಬಿದ್ದಿದ್ದವು, ಪ್ರತಿ ತಟ್ಟೆಗೂ ಒಂದು ಚೀಟಿ. ಎಷ್ಟು ಚೊಕ್ಕಟವಾಗಿ ಇಟ್ಟಿದ್ದಾನೆ! ನನ್ನ ಡಾರ್ಕ್‌ರೂಮ್ ನಾಚಬೇಕು.

"ಸ್ಟುಡಿಯೋದಲ್ಲೇ ಸದ್ದು ಕೇಳಿಸ್ತಾ ನಿನಗೆ?" ಅಂತ ಕೇಳಿದೆ.

"ಕೇಳಿಸ್ತು. ಟಕ್ ಅಂತು."

"ಮತ್ತೆ ಯಾಕೋ ಬಿಟ್ಟೆ? ಹಲಗೆ ಬಿಸಾಕಿ ಕೂಗಬೇಕಿತ್ತು."

ಅವನು ಭೂತಗಾಜನ್ನು ಕಣ್ಣಿಂದ ತೆಗೆದು ಒರೆಸಿದ. "ಅಕ್ಕ ನಗ್ತಿದ್ಲು ಅಣ್ಣ. ಕೈ ಅಡ್ಡ ಇಡದೆ ಕೂತಿದ್ಲು. ಅಲ್ಲಿ ನಿನ್ನ ಜೊತೆ ಜಗಳ ಆದ್ರೆ ಅವಳ ಮುಖ ಏನಾಗ್ತಿತ್ತು? ನೀನು ಏನಾದ್ರೂ ಬೇರೆ ಲೆಕ್ಕ ಹಾಕಿರ್ತೀಯ ಅಂತ ನನಗೆ ನಾನೇ ಹೇಳ್ಕೊಂಡೆ. ನನ್ನ ಮಾತು ನಿನ್ನ ಹತ್ರ ನಡೆಯಲ್ಲ ಅಂತಾನೂ ಗೊತ್ತಿತ್ತು."

"ತಪ್ಪು ನಿಂದು ಅಂತ ಯಾಕೆ ಒಪ್ಕೊಂಡೆ?"

"ಆಗ ಲೆನ್ಸ್ ವಿಷಯದಲ್ಲಿ ಒಪ್ಕೊಳ್ಳಲಿಲ್ಲವಲ್ಲ" ಅಂದ. "ಅದರ ಬದಲು ಇದು ಅಂತ ಇಟ್ಕೋ."

ಹಾಗೆ ಬದಲಿಗೆ ಬದಲು ಕೂಡಿಸಿ ಕಳೆಯುವುದಕ್ಕೆ ಬರುತ್ತದೆಯೇ? ಅಲ್ಲಿಂದ ಎದ್ದು ಬಂದೆ. ಕ್ಷಮೆ ಕೇಳುವುದಕ್ಕೇ ಹೋಗಿದ್ದು, ಅದೊಂದು ಮಾತು ಬಿಟ್ಟು ಮಿಕ್ಕೆಲ್ಲ ಆಡಿ ಬಂದೆ.

ಮಾರ್ಚ್ ೨೨, ಶನಿವಾರ

ಬೆಳಗ್ಗೆ ಹತ್ತು ಗಂಟೆಗೆ ವಾರ್ಡಿಗೆ ಹೋಗಿ ಸ್ಟೂಲನ್ನು ಅಕ್ಕನ ಮುಖದ ಹತ್ತಿರ ಎಳೆದುಕೊಂಡೆ. ಎಲ್ಲ ಹೇಳಿದೆ. ಶಟರು ಸರಿಯಾಗಿಯೇ ಇತ್ತು, ಅವನು ಬಾಯಲ್ಲೂ ಹೇಳಿದ್ದ, ಚೀಟಿಯಲ್ಲೂ ಬರೆದಿದ್ದ, ನಾನು ಓದಲಿಲ್ಲ, ಓದಿದ ಮೇಲೂ ಬಾಯಿ ಬಿಡಲಿಲ್ಲ. ಹತ್ತು ದಿನ. "ಅವನ ತಪ್ಪು ಏನೂ ಇಲ್ಲ ಅಕ್ಕ. ನಿನ್ನ ಮುಖ ಕಳೆದದ್ದು ನಾನು" ಅಂದೆ.

ಅವಳು ನನಗೆ ಬೈಯುತ್ತಾಳೆ ಅಂತ ಕಾದೆ. ಚಿವುಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು. ಪುಸ್ತಕ ಎಳೆದುಕೊಂಡು ಬರೆದಳು.

"ನಾನೂ ನಂಬಿಬಿಟ್ಟೆ. ಏನಾಯ್ತು ಅಂತ ಒಂದು ಮಾತು ಕೇಳಲಿಲ್ಲ ಅವನನ್ನ."

ಅದರ ಕೆಳಗೆ ಇನ್ನೊಂದು ಸಾಲು. "ನಾಲ್ಕು ವರ್ಷದ ಮಗುವಿನಿಂದ ನಾನೇ ಬೆಳೆಸಿದ್ದು."

ಆಮೇಲೆ ಪೆನ್ನು ಕೈಯಿಂದ ಜಾರಿತು. ಅವಳು ಅಳುವುದನ್ನು ನಾನು ಅಮ್ಮ ಹೋದಾಗಲೂ ನೋಡಿರಲಿಲ್ಲ. ಆ ಮುಖದಲ್ಲಿ ಅಳುವುದಕ್ಕೂ ಆಗುತ್ತಿರಲಿಲ್ಲ. ಒಂದು ಕಡೆ ಮಾತ್ರ ಅಳುತ್ತಿತ್ತು, ಇನ್ನೊಂದು ಕಡೆ ಊದಿಕೊಂಡು ಸುಮ್ಮನಿತ್ತು. ನಾನು ಮುಟ್ಟಲು ಹೋಗಿ, ಎಲ್ಲಿ ಮುಟ್ಟಬೇಕೋ ತಿಳಿಯದೆ ಕೈ ಹಿಂದಕ್ಕೆ ತೆಗೆದುಕೊಂಡೆ.

ಅಷ್ಟರಲ್ಲಿ ಹನ್ನೊಂದಾಗಿತ್ತು. ಚಿಕ್ಕವನು ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವಳು ಅಳುವುದನ್ನು ಕಂಡು ಒಳಗೆ ನುಗ್ಗಿದ. ಹಿಂದೆಯೇ ಸಿಸ್ಟರ್ ಬಂದರು, ಬ್ಯಾಂಡೇಜು ನೋಡಿದರು, ಕೆಂಡಾಮಂಡಲವಾದರು.

"ಹೊಲಿಗೆ ಬಿಟ್ಕೊಂಡ್ರೆ ಏನ್ರೀ ಗತಿ? ಪೇಷೆಂಟನ್ನ ಅಳಿಸಿದ್ದು ಯಾರು?"

"ನಾನೇ ಸಿಸ್ಟರ್" ಅಂದ ಚಿಕ್ಕವನು. ಕ್ಷಣ ಕೂಡ ಯೋಚಿಸಲಿಲ್ಲ. ಆಗಷ್ಟೇ ಒಳ ಬಂದಿದ್ದ, ಏನು ನಡೆಯಿತು ಅಂತಲೂ ಅವನಿಗೆ ಗೊತ್ತಿರಲಿಲ್ಲ.

"ಅಲ್ಲ" ಅಂದೆ. ಎಷ್ಟು ಜೋರಾಗಿ ಅಂದೆನೋ, ಎದುರು ಮಂಚದವರು ಎದ್ದು ಕೂತರು. "ಅವನಲ್ಲ. ನಾನು. ಎಲ್ಲ ನಾನೇ."

"ಯಾರಾದ್ರೂ ಸರಿ, ಇಬ್ಬರೂ ಆಚೆ ನಡೀರಿ" ಅಂದು ಸಿಸ್ಟರ್ ಬಾಗಿಲು ಹಾಕಿಕೊಂಡರು.

ಹೊರಗಿನ ಬೆಂಚಿನ ಮೇಲೆ ಕೂತೆವು. ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ ಅಂತ ಅವನಿಗೆ ತಿಳಿಸಿದೆ. "ಯಾಕೆ ಹೇಳಿದೆ ಅಣ್ಣ? ಫೋಟೋ ಹೋದ ಸಂಕಟ ಒಂದಿತ್ತು, ಈಗ ನನ್ನನ್ನ ದೂಡಿದ್ದೂ ಸೇರ್ತು ಅವಳಿಗೆ" ಅಂದ. "ನನ್ನನ್ನ ಕ್ಷಮಿಸು" ಅಂದೆ. ಅವನು ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಸಿಸ್ಟರ್ ಕೈಯಲ್ಲಿ ಅಕ್ಕನ ಪುಸ್ತಕ ಇತ್ತು.

"ಚಿಕ್ಕೋನು ಅಂದ್ರೆ ಯಾರು ನಿಮ್ಮಲ್ಲಿ? ಅವರೊಬ್ಬರೇ ಬರಬೇಕಂತೆ."

ಅವನು ಎದ್ದು ಅಂಗಿ ಸರಿಮಾಡಿಕೊಂಡು ಒಳಗೆ ಹೋದ. ನಾನು ಬೆಂಚಿನ ಮೇಲೆಯೇ ಕೂತೆ.